ಇಷ್ಟೇ ಮೇಡಂ ಹಾಕಿದ ಸಹಿ

ನಮ್ಮ ಅತ್ತೆಯನ್ನು ನಾನು ಹೊಗಳುತ್ತಾ ಕೂರುವ ದಿನ ಬರುತ್ತದೆ ಎಂದು ಮದುವೆಯಾದ ಹೊಸತರಲ್ಲಿ ಯಾರಾದರೂ ಹೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆ ದಿನ ಬಂದಿದೆ. ಹೊಗಳುತ್ತೇನೆ. ಆದರೆ ಹೊಗಳುವುದು ನನ್ನ ರೀತಿಯಲ್ಲಿ. ನಡುನಡುವೆ ಬಯ್ದರೆ ಯಾರೂ ತಪ್ಪು ತಿಳಿಯಬಾರದು.

ಅತ್ತೆ ಮತ್ತು ನಾನು ಒಂದೇ ಮನೆಯಲ್ಲಿದ್ದುಕೊಂಡು ಒಂದೇ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೆವು. ಇದನ್ನು ಕೇಳಿದ ಹೆಂಗಸರೆಲ್ಲ ನನ್ನ ಕಡೆ ಅಯ್ಯೋ ಪಾಪ ಎಂಬಂತೆ ನೋಡುತ್ತಾರೆ. ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಕನ್ಸೋಲ್ ಮಾಡುವ ಕಂಪನಿ ಅದು. ಅದಕ್ಕೆ ಬೇಕಾದ ಬಿಡಿಭಾಗಗಳನ್ನೆಲ್ಲ ಕೊಳ್ಳುವ ವಿಭಾಗಕ್ಕೆ ಅತ್ತೆ ಮುಖ್ಯಸ್ಥೆ. ಕನ್ಸೋಲಿನ ಒಳಗಿರುವ ಬೋರ್ಡಿನ ಮೇಲೆ ಯಾವ ಚಿಪ್ ಎಲ್ಲಿ ಕೂರಬೇಕು ಎಂದು ನಕ್ಷೆ ಹಾಕುವವಳು ನಾನು. ಮಾರುಕಟ್ಟೆಯಲ್ಲಿ ನಮಗೆ ಎದುರಾಳಿ ಒಬ್ಬರೇ, ನಮ್ಮ ಮೂರು ಪಟ್ಟು ದೊಡ್ಡ ಕಂಪನಿ. ಅವರನ್ನು ನಾವು ‘ದೊಡ್ಡವರು’ ಎನ್ನುತ್ತಿದ್ದೆವು, ಕೋಪ ಬಂದಾಗ ‘ಬಕಾಸುರ’ ಎನ್ನುತ್ತಿದ್ದೆವು. ನನ್ನ ಗಂಡ ಹಲ್ಲಿನ ಡಾಕ್ಟರು. ಅಮ್ಮ, ಹೆಂಡತಿ ಇಬ್ಬರೂ ಇಲ್ಲಿ ಬೆವರು ಸುರಿಸುತ್ತಿದ್ದರೆ ಆ ಮಹಾಶಯ ಮನೆಯಲ್ಲಿ ಕೂತು ಆಡುತ್ತಿದ್ದುದು ದೊಡ್ಡವರ ಕನ್ಸೋಲನ್ನು. “ಆಟ ಚೆನ್ನಾಗಿದೆ, ನಾನೇನ್ ಮಾಡ್ಲಿ?” ಎನ್ನುತ್ತಿದ್ದ.

ಆಫೀಸಿನಲ್ಲಿ ಅತ್ತೆಗೆ ‘ಇಷ್ಟೇ ಮೇಡಂ’ ಎಂದು ಹೆಸರು. ಯಾವ ಸಾಮಾನು ಕೊಳ್ಳುವಾಗಲೂ ಎಷ್ಟು ಬೇಕೋ ಅಷ್ಟನ್ನೇ ಕೇಳುವವರು ಅವರು. ಮಾರುವವರು ಇನ್ನೂ ಸ್ವಲ್ಪ ತಗೊಳ್ಳಿ ಎಂದರೆ ಕನ್ನಡಕ ಸರಿಮಾಡಿಕೊಂಡು “ನಮಗೆ ಬೇಕಾಗಿರೋದು ಇಷ್ಟೇ” ಎನ್ನುತ್ತಿದ್ದರು. ಜೊತೆಗೆ ಇನ್ನೊಂದು ಚಾಳಿ. ಯಾವುದಕ್ಕೂ ಒಬ್ಬರನ್ನೇ ನಂಬಿ ಕೂರುವುದಿಲ್ಲ. ನಮ್ಮ ಮನೆಗೆ ಹಾಲು ಎರಡು ಅಂಗಡಿಯಿಂದ ಬರುತ್ತದೆ, ಇವತ್ತು ಇವರದು, ನಾಳೆ ಅವರದು. ಕೊಳಾಯಿ ರಿಪೇರಿಗೆ ಇಬ್ಬರು, ಬಟ್ಟೆ ಹೊಲಿಯುವುದಕ್ಕೆ ಇಬ್ಬರು. ಇಬ್ಬರನ್ನೂ ಸಮಾಧಾನವಾಗಿ ಇಟ್ಟುಕೊಳ್ಳುವ ಕೆಲಸ ಮಾತ್ರ ಸೊಸೆಯದು.

ತಪ್ಪು ನಡೆದದ್ದು ಹೀಗೆ. ಹೊಸ ಕನ್ಸೋಲಿನ ಬೋರ್ಡಿಗೆ ನಾನು ಕರೆಂಟನ್ನು ಹದ ಮಾಡುವ ಒಂದು ಚಿಪ್ ಆರಿಸಿದ್ದೆ. ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಬಿಸಿಯಾಗುವುದಿಲ್ಲ, ಜಾಗ ತಿನ್ನುವುದಿಲ್ಲ, ನೋಡುವುದಕ್ಕೂ ಅಂದ. ಪ್ರಪಂಚದಲ್ಲಿ ಅದನ್ನು ಮಾಡುವುದು ಒಂದೇ ಫ್ಯಾಕ್ಟರಿ. ನಕ್ಷೆ ಅಂತಿಮವಾಗಬೇಕಾದರೆ ಅದರ ಮೇಲೆ ಇಬ್ಬರ ಸಹಿ ಬೇಕು, ನನ್ನದು ಮತ್ತು ಕೊಳ್ಳುವ ವಿಭಾಗದ್ದು. ಆವತ್ತು ಬೆಳಿಗ್ಗೆ ಎರಡನೇ ಅಂಗಡಿಯ ಹಾಲು ಒಡೆದುಹೋಗಿ, ಅತ್ತೆಗೂ ನನಗೂ ಮಾತಿಗೆ ಮಾತು ಬೆಳೆದು, ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಆಫೀಸಿಗೆ ಬಂದಿದ್ದೆವು. ಹನ್ನೊಂದು ಗಂಟೆಗೆ ಅತ್ತೆ ನಕ್ಷೆ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು.

“ಇದನ್ನ ಒಬ್ಬರೇ ಮಾಡೋದು. ಅವರ ಹತ್ರ ಸಿಗದೇ ಹೋದ್ರೆ? ಬೇರೆಯವರ ಚಿಪ್ ಕೂರೋ ಹಾಗೆ ಪಕ್ಕದಲ್ಲಿ ಸ್ವಲ್ಪ ಜಾಗ ಬಿಡೋಕಾಗುತ್ತಾ?” ಎಂದು ಕೇಳಿದರು.

ಕೇಳಿದ್ದು ಆಫೀಸಿನ ‘ಇಷ್ಟೇ ಮೇಡಂ’. ನನ್ನ ಕಿವಿಗೆ ಬಿದ್ದದ್ದು ಮಾತ್ರ ಅತ್ತೆಯ ಧ್ವನಿ. ಮನೆಯಲ್ಲೂ ಇದೇ ರಾಗ, ಇಲ್ಲೂ ಇದೇ ರಾಗ ಎಂದು ಮೈಯೆಲ್ಲ ಉರಿದುಹೋಯಿತು.

“ಅಗತ್ಯ ಇಲ್ಲ ಮೇಡಂ. ಇದು ಹಾಲಿನ ಅಂಗಡಿ ಅಲ್ಲ” ಎಂದೆ.

ಪಕ್ಕದ ಮೇಜಿನವರು ಕೆಮ್ಮಿದ ಹಾಗೆ ಮಾಡಿ ನಕ್ಕರು. ಅತ್ತೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಪೆನ್ನು ತೆಗೆದು, ನಿಂತಲ್ಲೇ ಸಹಿ ಹಾಕಿ ಹೋದರು. ಗೆದ್ದೆ ಎಂದುಕೊಂಡೆ ನಾನು, ದಡ್ಡಿ.

ಆರು ತಿಂಗಳ ಮೇಲೆ ಆ ಚಿಪ್ ಫ್ಯಾಕ್ಟರಿಯ ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಯಂತ್ರಗಳು ಮಾತ್ರ ಹಾಳಾದವು. ವರ್ಷದ ಕೊನೆಯ ರಜೆಗೆ ಮಾರುವುದಕ್ಕೆ ನಾವೂ ದೊಡ್ಡವರೂ ಹೊಸ ಕನ್ಸೋಲ್ ಸಿದ್ಧ ಮಾಡುತ್ತಿದ್ದೆವು. ಕನ್ಸೋಲುಗಳಲ್ಲಿ ಮುಕ್ಕಾಲು ಪಾಲು ಮಾರಾಟವಾಗುವುದು ಆ ರಜೆಯಲ್ಲೇ. ಇಬ್ಬರ ಬೋರ್ಡಿನಲ್ಲೂ ಅದೇ ಚಿಪ್. ಯಾರ ಆಟ ಚೆನ್ನಾಗಿದೆ, ಯಾರ ಚಿತ್ರ ನಿಚ್ಚಳವಾಗಿದೆ ಎಂದು ಜನ ಕಿತ್ತಾಡುತ್ತಾರೆ. ಆ ವರ್ಷ ಯಾರ ಡಬ್ಬಿ ಅಂಗಡಿಗೆ ಬರುತ್ತದೆ ಎನ್ನುವುದೇ ಪ್ರಶ್ನೆಯಾಗಿತ್ತು. ಬೋರ್ಡಿನ ಮೇಲೆ ಸಾವಿರದಷ್ಟು ಬಿಡಿಭಾಗಗಳಿರುತ್ತವೆ. ಒಂಬೈನೂರ ತೊಂಬತ್ತೊಂಬತ್ತು ಬಂದು ಒಂದು ಬರದಿದ್ದರೆ ಅದು ಕನ್ಸೋಲ್ ಅಲ್ಲ, ಕಾಗದ ಹಾರದಂತೆ ಇಡುವುದಕ್ಕೆ ಆದೀತು.

ಫ್ಯಾಕ್ಟರಿಯವರು ಪತ್ರ ಬರೆದರು. ಯಾರು ಎಷ್ಟು ಕೇಳಿದ್ದೀರೋ ಅದರಲ್ಲಿ ಹತ್ತಕ್ಕೆ ನಾಲ್ಕರಂತೆ ಕೊಡುತ್ತೇವೆ ಎಂದು. ಈ ಕಸುಬಿನಲ್ಲಿ ಒಂದು ರೂಢಿ ಇದೆ. ಅಭಾವದ ವಾಸನೆ ಬಂದ ತಕ್ಷಣ ಎಲ್ಲರೂ ಬೇಕಾದ್ದಕ್ಕಿಂತ ಎರಡು ಪಟ್ಟು, ಮೂರು ಪಟ್ಟು ಕೇಳಿಬಿಡುತ್ತಾರೆ. ಕಡಿತವಾದರೂ ತಮ್ಮ ಪಾಲಿಗೆ ಬೇಕಾದಷ್ಟು ಬರಲಿ ಎಂದು. ದೊಡ್ಡವರು ಎರಡೂವರೆ ಪಟ್ಟು ಕೇಳಿದ್ದರು, ಅವರಿಗೆ ಬೇಕಾದ್ದೆಲ್ಲ ಬಂತು. ನಮ್ಮ ಇಷ್ಟೇ ಮೇಡಂ ಕೇಳಿದ್ದು ಸರಿಯಾಗಿ ಮೂರು ಲಕ್ಷ. ಬಂದದ್ದು ಒಂದು ಲಕ್ಷದ ಇಪ್ಪತ್ತು ಸಾವಿರ.

ಮೀಟಿಂಗ್ ಕರೆದರು. ಕಂಪನಿಯ ಮುಖ್ಯಸ್ಥರದ್ದು ಯಾವಾಗಲೂ ದೊಡ್ಡ ಗಂಟಲು, ಆವತ್ತು ಅವರು ಮೆಲ್ಲಗೆ ಮಾತಾಡಿದರು. ಅದೇ ನಮಗೆ ಹೆಚ್ಚು ಭಯ.

“ಎಲ್ರೂ ಹೆಚ್ಚು ಕೇಳುವಾಗ ನೀವ್ಯಾಕೆ ಕೇಳ್ಲಿಲ್ಲ?”

“ನಮಗೆ ಬೇಕಾಗಿದ್ದು ಅಷ್ಟೇ ಸಾರ್” ಎಂದರು ಅತ್ತೆ.

“ಹೋಗ್ಲಿ. ಒಬ್ಬರೇ ಮಾಡೋ ಚಿಪ್ಪನ್ನ ಬೋರ್ಡಿಗೆ ಹಾಕಿದ್ದು, ಇನ್ನೊಂದಕ್ಕೆ ಜಾಗಾನೇ ಇಡದೇ ಇದ್ದದ್ದು ಯಾರು? ಮಾಲೀಕರಿಗೆ ವರದಿ ಕೊಡಬೇಕು. ಅದರಲ್ಲಿ ಒಂದು ಹೆಸರು ಬರೀಬೇಕು. ಆ ಹೆಸರಿನವರು ವರ್ಷದ ಕೊನೆಗೆ ಇಲ್ಲಿ ಇರೋದಿಲ್ಲ.”

ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ಅತ್ತೆ, “ನೋಡಿ ಸಹಿ ಹಾಕಿದ್ದು ನಾನು. ನನ್ನ ಹೆಸರೇ ಬರೀರಿ” ಎಂದರು. ಅವರಿಗೆ ನಿವೃತ್ತಿಗೆ ಒಂದೂವರೆ ವರ್ಷವಿತ್ತು. ಕಂಪನಿಯ ಮೊಟ್ಟಮೊದಲ ಕನ್ಸೋಲಿಗೆ ಸ್ಕ್ರೂ ಕೊಂಡವರು ಅವರು. ಇಪ್ಪತ್ತಾರು ವರ್ಷ ಆದ ಮೇಲೆ ಕತ್ತು ಹಿಡಿದು ನೂಕಿಸಿಕೊಂಡು ಹೋಗಬೇಕಾಗಿ ಬಂದಿತ್ತು, ಅದೂ ನನ್ನ ನಾಲಿಗೆಯ ದೆಸೆಯಿಂದ. ನಾನು ಮೇಜಿನ ಮೇಲಿನ ನೀರಿನ ಲೋಟವನ್ನು ನೋಡುತ್ತಾ ಕೂತಿದ್ದೆ.

ಮನೆಯಲ್ಲಿ ಅತ್ತೆ ಒಂದು ಮಾತು ಎತ್ತಲಿಲ್ಲ. ನಿನ್ನಿಂದಲೇ ಆಯಿತು ಎಂದು ಒಂದು ಸಲ ಬಯ್ದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರವಾಗುತ್ತಿದ್ದೆ. ಆ ಪುಣ್ಯಾತ್ಗಿತ್ತಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, “ಬಿಸಿನೀರು ಕಾದಿದೆ, ಮೊದಲು ಸ್ನಾನಕ್ಕೆ ಹೋಗು” ಎಂದರು. ಬಚ್ಚಲಿನ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿ ನಾನು ಅತ್ತುಬಿಟ್ಟೆ. ಅತ್ತೆಯ ಮೇಲೆ ಕೋಪ ಬಂದು ಅತ್ತೆನೋ, ನನ್ನ ಮೇಲೆ ಅಸಹ್ಯ ಬಂದು ಅತ್ತೆನೋ ನನಗೇ ತಿಳಿಯಲಿಲ್ಲ.

ಕನ್ಸೋಲ್ ಜೋಡಿಸುವ ಕೆಲಸ ಶುರುವಾಗುವುದಕ್ಕೆ ಹತ್ತು ವಾರ ಇತ್ತು. ಮಾರನೆಯ ದಿನದಿಂದ ಅತ್ತೆ ಫೋನ್ ಹಿಡಿದು ಕೂತರು. ಅವರ ಗಾಜಿನ ಕೋಣೆಯ ಹೊರಗೆ ಕಿವಿ ಕೊಟ್ಟು ನಿಂತವಳು ನಾನು, ಸುಳ್ಳು ಯಾಕೆ ಹೇಳಲಿ. ಬೇರೆ ಕಂಪನಿಯ ಕೊಳ್ಳುವವರೆಲ್ಲ ಆಗ ಊರೆಲ್ಲ ಫೋನ್ ಮಾಡಿ “ಆ ಚಿಪ್ ಇದೆಯಾ, ಈ ಚಿಪ್ ಇದೆಯಾ” ಎಂದು ಗೋಗರೆಯುತ್ತಿದ್ದರು. ಅತ್ತೆ ಆ ಚಿಪ್ಪಿನ ಹೆಸರನ್ನೇ ಎತ್ತುತ್ತಿರಲಿಲ್ಲ. ಮೊದಲು ಆ ಕಡೆಯವರ ಮಂಡಿನೋವು, ಮಗಳ ಹೆರಿಗೆ ವಿಚಾರಿಸುವುದು. ಆಮೇಲೆ ಕೇಳುವ ಪ್ರಶ್ನೆ ಒಂದೇ: “ನಿಮ್ಮ ಗೋದಾಮಿನಲ್ಲಿ ಯಾರಿಗೂ ಬೇಡವಾಗಿ ಉಳಿದಿರೋದು ಏನಿದೆ?”

“ಅದ್ಯಾಕತ್ತೆ ಉಳಿದಿರೋದನ್ನ ಕೇಳ್ತೀರಾ?” ಎಂದೆ. ಆಫೀಸಿನಲ್ಲಿ ಮೇಡಂ ಎನ್ನಬೇಕಿತ್ತು, ಬಾಯಿ ತಪ್ಪಿತು.

“ಇಲ್ಲದೇ ಇರೋದನ್ನ ಕೇಳಿದ್ರೆ ಇಲ್ಲ ಅಂತಾರೆ ಕಣೇ. ಅಲ್ಲಿಗೆ ಮಾತು ಮುಗೀತು. ಉಳಿದಿರೋದನ್ನ ಕೇಳಿದ್ರೆ ಅವರೇ ಎದ್ದು ಹೋಗಿ ಹುಡುಕ್ತಾರೆ.”

ನಾಲ್ಕು ದಿನದಲ್ಲಿ ಮೂವತ್ತೊಂದು ಬಗೆಯ ಚಿಪ್ಪುಗಳ ಪಟ್ಟಿ ನನ್ನ ಮೇಜಿಗೆ ಬಂತು. ಎಲ್ಲವೂ ಮೂಲೆ ಸೇರಿದ ಹಳೇ ಸಾಮಾನು. ಒಂದೊಂದನ್ನೇ ಹೊಡೆದುಹಾಕುತ್ತಾ ಬಂದೆ. ಇದು ತಡೆಯುವುದಿಲ್ಲ, ಅದು ಸಾಲುವುದಿಲ್ಲ, ಇದು ಇರುವುದೇ ಐನೂರು. ಕೊನೆಗೆ ಉಳಿದದ್ದು ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕುವ ಒಂದು ಚಿಪ್. ಆ ಯಂತ್ರದ ಕಂಪನಿ ಮಾದರಿ ಬದಲಿಸಿದ್ದರಿಂದ ನಾಲ್ಕು ಲಕ್ಷ ಚಿಪ್ಪುಗಳು ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದವು. ಶಕ್ತಿಯೇನೋ ಸಾಕು. ಆದರೆ ಗಾತ್ರ ನನ್ನ ಎಳ್ಳುಕಾಳಿನ ಆರು ಪಟ್ಟು, ಬಿಸಿ ಬೇರೆ ಆಗುತ್ತದೆ, ಜೊತೆಗೆ ಮೂರು ಪುಟ್ಟ ಭಾಗಗಳನ್ನು ಬಾಲ ಕಟ್ಟಿಕೊಂಡು ಬರುತ್ತದೆ.

“ಆಗಲ್ಲ. ಎಲ್ಲಿ ಕೂರಿಸ್ಲಿ ಈ ಧಡಿಯನ್ನ? ಬೆರಳಿಡೋಕೆ ಜಾಗ ಇಲ್ಲ” ಎಂದೆ.

“ಭಾನುವಾರ ನೋಡೋಣ” ಎಂದರು ಅತ್ತೆ.

ಭಾನುವಾರ ಬೆಳಿಗ್ಗೆ ಎದ್ದು ಬಂದರೆ ನಮ್ಮ ಊಟದ ಮೇಜಿನ ಮೇಲೆ ಒಂದು ಬಿಳಿ ಹಾಳೆ ಹರಡಿತ್ತು. ಬೋರ್ಡಿನ ಆ ಮೂಲೆಯನ್ನು ಇಪ್ಪತ್ತು ಪಟ್ಟು ದೊಡ್ಡದು ಮಾಡಿ ಗೆರೆ ಎಳೆದಿದ್ದರು. ಹಳೆಯ ಕ್ಯಾಲೆಂಡರಿನ ರಟ್ಟನ್ನು ಅದೇ ಅಳತೆಗೆ ಕತ್ತರಿಸಿ ಒಂದೊಂದು ಬಿಡಿಭಾಗದ ಹೆಸರು ಬರೆದು ಪೇರಿಸಿದ್ದರು. ಇವನ್ನೆಲ್ಲ ನಾನು ಕಂಪ್ಯೂಟರಿನಲ್ಲಿ ಮಾಡುವವಳು, ರಟ್ಟು ಕಂಡು ನಗು ಬಂತು. ಆದರೆ ಕಂಪ್ಯೂಟರಿನ ಮುಂದೆ ಒಬ್ಬರೇ ಕೂರಬಹುದು, ಮೇಜಿನ ಸುತ್ತ ಇಬ್ಬರು. ಬೆಳಿಗ್ಗೆ ಎಂಟರಿಂದ ಆ ರಟ್ಟಿನ ಚೂರುಗಳನ್ನು ಅತ್ತ ಇತ್ತ ಸರಿಸಿದೆವು. ನಾನು “ಇದು ಇಲ್ಲಿ ಬಂದ್ರೆ ಅದರ ಬಿಸಿ ಇದಕ್ಕೆ ತಾಗುತ್ತೆ” ಎನ್ನುವುದು, ಅವರು “ಹಾಗಾದ್ರೆ ಇದನ್ನ ಆಚೆ ಕಳಿಸು” ಎನ್ನುವುದು. ಗಂಡ ಎರಡು ಸಲ ತಟ್ಟೆ ಹಿಡಿದುಕೊಂಡು ಬಂದು, ಜಾಗ ಸಿಗದೆ, ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತೇ ತಿಂದ.

“ಈ ಫ್ಯಾನಿನ ವೈರು ಯಾಕೆ ಇಲ್ಲಿಂದಲೇ ಬರಬೇಕು?” ಎಂದರು ಅತ್ತೆ, ಮಧ್ಯಾಹ್ನದ ಹೊತ್ತಿಗೆ.

“ಯಾವಾಗ್ಲೂ ಅಲ್ಲಿಂದಲೇ ಬರೋದು.”

“ಯಾಕೆ?”

ಹಿಂದಿನ ಕನ್ಸೋಲಿನಲ್ಲಿ ಅಲ್ಲಿತ್ತು, ಅದಕ್ಕೂ ಹಿಂದಿನದರಲ್ಲಿ ಅಲ್ಲಿತ್ತು. ವೈರು ಸಿಕ್ಕಿಸುವ ಆ ಚೂರನ್ನು ಅಡ್ಡಲಾಗಿ ತಿರುಗಿಸಿ ಅಂಚಿಗೆ ತಳ್ಳಿದೆ. ಧಡಿಯ ತನ್ನ ಮೂರು ಬಾಲಗಳ ಸಮೇತ ಅಲ್ಲಿ ಹೋಗಿ ಕೂತ. ಎಳ್ಳುಕಾಳಿನ ಹಳೆಯ ಜಾಗವೂ ಹಾಗೇ ಉಳಿಯಿತು. ಬೋರ್ಡ್ ಒಂದೇ, ಯಾವ ಚಿಪ್ ಸಿಕ್ಕಿದರೆ ಅದನ್ನು ಹಾಕಬಹುದು. ಫ್ಯಾನಿನ ಗಾಳಿಯೂ ಈಗ ಧಡಿಯನ ಮೇಲೇ ಬೀಸುತ್ತಿತ್ತು. ನಾನು ಕುರ್ಚಿಯ ಮೇಲೆ ಹತ್ತಿ ಮೇಲಿನಿಂದ ಫೋಟೋ ತೆಗೆದೆ. ಹತ್ತು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ನಕ್ಷೆ ಅದು, ಅದರಲ್ಲಿ ಅರ್ಧ ನನ್ನದಲ್ಲ.

ಇನ್ನು ಚಿಪ್ ಕೈಗೆ ಬರಬೇಕಿತ್ತು. ನಮಗೆ ಕಡಿಮೆ ಬಿದ್ದದ್ದು ಒಂದು ಲಕ್ಷದ ಎಂಬತ್ತು ಸಾವಿರ. ಅತ್ತೆ ಕೆಟ್ಟುಹೋಗುವವಕ್ಕೆ ಎಂದು ಎರಡು ಸಾವಿರ ಸೇರಿಸಿ ಕೇಳಿದರು. ಆ ಗೋದಾಮಿನ ಸ್ಟೋರ್‌ಕೀಪರ್ ನಾಲ್ಕು ಲಕ್ಷವನ್ನೂ ಒಯ್ಯಿರಿ ಎಂದು ಅಂಗಲಾಚಿದರೂ ಅತ್ತೆ ಜಪ್ಪಯ್ಯ ಎನ್ನಲಿಲ್ಲ. ಮುಖ್ಯಸ್ಥರಿಗೆ ವಿಷಯ ತಿಳಿದು ಅವರ ಹಳೆಯ ಗಂಟಲು ವಾಪಸ್ಸು ಬಂತು. ಎಲ್ಲವನ್ನೂ ಬಾಚಿಕೊಂಡಿದ್ದರೆ ಸೇಫಾಗಿ ಇರುತ್ತಿತ್ತು, ನಾಳೆ ದೊಡ್ಡವರಿಗೆ ಗೊತ್ತಾದರೆ ಏನು ಗತಿ ಎಂದು ಕೂಗಾಡಿದರು. ಈ ಒಂದು ವಿಷಯದಲ್ಲಿ ನಾನೂ ಅವರ ಪಕ್ಷವೇ. ಅತ್ತೆಯ ಮೊಂಡಾಟ ಕಂಡು ತಲೆ ಚಚ್ಚಿಕೊಳ್ಳುವ ಹಾಗಾಗಿತ್ತು.

ದೊಡ್ಡವರಿಗೆ ಗೊತ್ತಾಗಿಯೇ ಆಯಿತು. ಅವರಿಗೆ ಆ ಚಿಪ್ಪಿನಿಂದ ಕವಡೆ ಉಪಯೋಗವಿಲ್ಲ, ನಮಗೆ ಸಿಗಬಾರದು, ಅಷ್ಟೇ. ನಮ್ಮ ಲಾರಿ ಹೋಗುವುದಕ್ಕೆ ಎರಡು ದಿನ ಮುಂಚೆ ಅವರ ಕಡೆಯವರು ಗೋದಾಮಿಗೆ ಹೋಗಿ, ಇರುವುದೆಲ್ಲ ನಮಗೆ ಎಂದರಂತೆ. ಸ್ಟೋರ್‌ಕೀಪರ್ ಆವತ್ತು ಸಾಯಂಕಾಲ ಅತ್ತೆಗೆ ಫೋನ್ ಮಾಡಿದಾಗ ನಾನು ಎದುರಿಗೇ ಇದ್ದೆ. ಸ್ಪೀಕರಿನಲ್ಲಿ ಅವರ ಮಾತು ಕೇಳುತ್ತಿತ್ತು.

“ನಿಮ್ಮದನ್ನ ಮೊನ್ನೇನೇ ಎಣಿಸಿ, ಬೇರೆ ಕೋಣೇಲಿಟ್ಟು ಬೀಗ ಹಾಕಿದ್ದೆ ಅಮ್ಮ. ಉಳಿದಿದ್ದನ್ನ ಅವರು ಹೊತ್ಕೊಂಡು ಹೋದ್ರು. ನನಗೂ ಗೋದಾಮು ಖಾಲಿಯಾಯ್ತು.”

“ಅವರು ಬಲವಂತ ಮಾಡ್ಲಿಲ್ವಾ?”

“ಮಾಡದೇ ಇರ್ತಾರಾ? ಆದ್ರೆ ಬೇರೆಯವರು ಒಂದು ಲಕ್ಷ ಬೇಕು ಅಂದ್ರೆ ಅದರಲ್ಲಿ ಎಷ್ಟು ನಿಜ ಅಂತ ನಮಗೇ ಗೊತ್ತಾಗಲ್ಲ, ಆಮೇಲೆ ಅರ್ಧ ಬೇಡ ಅಂತಾರೆ. ಇಪ್ಪತ್ತು ವರ್ಷದಲ್ಲಿ ನೀವು ಒಂದು ಸಲಾನೂ ಹಾಗೆ ಮಾಡಿಲ್ಲ. ನೀವು ಬೇಕು ಅಂದ್ರೆ ಬೇಕು ಅಂತಾನೇ. ನಿಮ್ಮದನ್ನ ಕೊಟ್ಟುಬಿಟ್ರೆ ನನಗೆ ನಿದ್ದೆ ಬರುತ್ತಾ?”

ಅತ್ತೆ “ಒಳ್ಳೇದಾಗ್ಲಿ” ಎಂದು ಫೋನ್ ಇಟ್ಟು ಕನ್ನಡಕ ಒರೆಸಿಕೊಂಡರು. ನನಗೆ ಅಲ್ಲೇ ಅವರ ಕಾಲು ಹಿಡಿಯಬೇಕು ಎನ್ನಿಸಿತು. ಬಾಲ್ಯದಿಂದಲೂ ನನಗೆ ಅಂಥದ್ದೆಲ್ಲ ಅಭ್ಯಾಸವಿಲ್ಲ, ಹೋಗಿ ಕಾಫಿ ತಂದುಕೊಟ್ಟೆ.

ಹೊಸ ಬೋರ್ಡು ಮೂರು ದಿನ ಒಲೆಯಂಥ ಪೆಟ್ಟಿಗೆಯೊಳಗೆ ಬೆಂದು ಪರೀಕ್ಷೆ ಪಾಸಾಯಿತು. ಕಾರ್ಖಾನೆ ಶುರುವಾಯಿತು. ರಜೆ ಬಂದಾಗ ಅಂಗಡಿಗಳಲ್ಲಿ ದೊಡ್ಡವರ ಡಬ್ಬಿಯ ಪಕ್ಕದಲ್ಲಿ ನಮ್ಮ ಡಬ್ಬಿಯೂ ಇತ್ತು. ಅವರು ಎಂದಿನಂತೆ ನಮಗಿಂತ ಹೆಚ್ಚು ಮಾರಿದರು. ಆದರೆ ನಾವು ಮಾಡಿದ ಮೂರು ಲಕ್ಷದಲ್ಲಿ ಒಂದೂ ಉಳಿಯಲಿಲ್ಲ.

ವರ್ಷ ಮುಗಿಯುವ ವಾರ ಮತ್ತೆ ಅದೇ ಕೋಣೆ, ಅದೇ ಮೇಜು. ಮುಖ್ಯಸ್ಥರು ನನ್ನ ಬೋರ್ಡನ್ನು ಬಾಯಿತುಂಬ ಹೊಗಳಿದರು. ಮುಂದಿನ ಕನ್ಸೋಲಿಗೆ ನಾನೇ ಮುಖ್ಯ ಎಂದರು. ಆಮೇಲೆ ವರದಿಯನ್ನು ತಮ್ಮ ಮುಂದಕ್ಕೆ ಎಳೆದುಕೊಂಡು, ಮಾಲೀಕರು ಹೆಸರು ಕೇಳುತ್ತಿದ್ದಾರೆ, ಮೇಡಂ ತಾವೇ ರಾಜೀನಾಮೆ ಬರೆದುಕೊಟ್ಟರೆ ಮರ್ಯಾದೆಯಾಗಿ ಕಳುಹಿಸುತ್ತೇವೆ ಎಂದರು. ಅತ್ತೆ ತಲೆಯಾಡಿಸಿದರು. ಕಾಗದಕ್ಕೆ ಕೈ ಚಾಚಿಯೂ ಬಿಟ್ಟರು.

“ತಪ್ಪು ನಂದು ಸಾರ್” ಎಂದೆ. “ಇನ್ನೊಂದಕ್ಕೆ ಜಾಗ ಬಿಡು ಅಂತ ಮೇಡಂ ನನ್ನ ಮೇಜಿಗೆ ಬಂದು ಕೇಳಿದ್ರು. ಬೇಡ ಅಂದಿದ್ದು ನಾನು. ಅವತ್ತು ಮನೇಲಿ ಜಗಳ ಆಗಿತ್ತು, ಅದಕ್ಕೇ ಬೇಡ ಅಂದೆ. ಪಕ್ಕದ ಮೇಜಿನವರೂ ಕೇಳಿಸ್ಕೊಂಡಿದ್ದಾರೆ. ಮೊದಲನೇ ಮೀಟಿಂಗಿನಲ್ಲಿ ಹೇಳೋಕೆ ನನಗೆ ಧೈರ್ಯ ಸಾಲ್ಲಿಲ್ಲ. ನನ್ನ ಹೆಸರು ಬರೀರಿ.”

ಮುಖ್ಯಸ್ಥರು ಅತ್ತೆಯ ಕಡೆ ತಿರುಗಿದರು. “ಹೌದಾ? ನಿಮ್ಮ ಸೊಸೇನ ಉಳಿಸೋಕೆ ನೀವು ತಲೆ ಕೊಟ್ರಾ?”

“ಇಲ್ಲ ಸಾರ್” ಎಂದರು ಅತ್ತೆ. ಅವರ ಮುಖದಲ್ಲಿ ನಿಜವಾಗಿಯೂ ಆಶ್ಚರ್ಯವಿತ್ತು. “ಯಾರನ್ನ ಉಳಿಸೋಕೂ ಅಲ್ಲ. ಅವಳು ಹೇಳಿದ್ದು ಸರಿ, ಅವಳ ತಪ್ಪು ಅವಳದು. ನನ್ನದು ಬೇರೆ ಇದೆ. ಆ ಜಾಗದಲ್ಲಿ ಬೇರೆ ಯಾರೇ ಕೂತಿದ್ರೂ ಜಾಗ ಬಿಡೋತನಕ ನಾನು ಸಹಿ ಹಾಕ್ತಿರ್ಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಹಾಕಿಲ್ಲ. ಇವಳಿಗೆ ಹಾಕಿದೆ. ಬೆಳಿಗ್ಗೆ ತಾನೇ ಜಗಳ ಆಗಿದೆ, ಮತ್ತೆ ಬೇಡ, ಸಾಯಂಕಾಲ ಮನೆಗೆ ಹೋದಾಗ ಮಾತಾಡೋ ಹಾಗಿರ್ಲಿ ಅಂತ ಹಾಕಿಬಿಟ್ಟೆ. ಗೊತ್ತಿದ್ದೂ ಹಾಕಿದ್ದು. ಅದು ನನ್ನ ತಪ್ಪು, ಅಷ್ಟೇ ಬರೀರಿ.”

ನಾನು ಇಷ್ಟು ದಿನ ಅವರನ್ನು ತ್ಯಾಗಮಯಿ ಎಂದುಕೊಂಡು ಒಳಗೊಳಗೇ ಬೇಯುತ್ತಿದ್ದೆ. ಅವರು ತ್ಯಾಗ ಮಾಡಿರಲೇ ಇಲ್ಲ. ತಮ್ಮ ಪಾಲಿನ ತಪ್ಪು ಎಷ್ಟೋ ಅಷ್ಟನ್ನು ತೆಗೆದುಕೊಂಡಿದ್ದರು. ನನ್ನ ಪಾಲನ್ನು ನಾನೇ ಬಂದು ತೆಗೆದುಕೊಳ್ಳಲಿ ಎಂದು ಅಲ್ಲೇ ಬಿಟ್ಟಿದ್ದರು. ಅದಕ್ಕೆ ನನಗೆ ಹತ್ತು ವಾರದ ಮೇಲೆ ಇಡೀ ರಜೆ ಬೇಕಾಯಿತು. ಅಲ್ಲಿಯೇ, ಎಲ್ಲರ ಮುಂದೆ, ನನಗೆ ಅಳು ಬಂತು.

ಮುಖ್ಯಸ್ಥರು ವರದಿಯಲ್ಲಿ ಇಬ್ಬರ ಹೆಸರನ್ನೂ ಬರೆದು ಕಳುಹಿಸಿದರು. ಮಾಲೀಕರು ಇಬ್ಬರನ್ನೂ ಕಳೆದುಕೊಳ್ಳುವಷ್ಟು ದಡ್ಡರಾಗಿರಲಿಲ್ಲ, ನಿವೃತ್ತಿಯವರೆಗೆ ಅತ್ತೆಯ ಕುರ್ಚಿ ಅತ್ತೆಯದೇ ಎಂದರು. ನನಗೆ ಸಿಗಬೇಕಿದ್ದ ಮುಖ್ಯ ಸ್ಥಾನ ಹಿಂದಕ್ಕೆ ಹೋಯಿತು. ಹೋಗಲಿ, ಬೇಜಾರಿಲ್ಲ.

ಹೊರಗೆ ಬಂದ ಮೇಲೆ ಮೆಟ್ಟಿಲ ಹತ್ತಿರ ಅವರನ್ನು ನಿಲ್ಲಿಸಿಕೊಂಡೆ. “ಇನ್ಮೇಲೆ ಮನೆ ಕೆಡುತ್ತೆ ಅಂತ ನನಗೆ ಸಹಿ ಹಾಕ್ಬೇಡಿ ಅತ್ತೆ. ಜಗಳ ಆಡಿ.”

“ಆಡ್ತೀನಿ” ಎಂದರು. “ತಡ್ಕೊಳ್ತೀಯಾ?”

ನಾಲ್ಕು ತಿಂಗಳ ಮೇಲೆ ಮುಂದಿನ ಕನ್ಸೋಲಿನ ನಕ್ಷೆ ಅವರ ಮುಂದಿಟ್ಟೆ. ನೋಡಿದರು, ಮಡಿಸಿದರು, “ಆಗಲ್ಲ” ಎಂದು ವಾಪಸ್ಸು ಕೊಟ್ಟರು. ಎರಡನೇ ಸಲವೂ ಕೊಟ್ಟರು. ಮೂರನೇ ಸಲ ನನ್ನ ಸಹನೆ ಹಾರಿಹೋಯಿತು. ಇಷ್ಟೆಲ್ಲ ಎರಡೆರಡು ಜಾಗ ಬಿಟ್ಟರೆ ಬೋರ್ಡು ಊಟದ ಮೇಜಿನಷ್ಟಾಗುತ್ತದೆ ಎಂದು ನಾನು, ಆಗಲಿ ಬಿಡು ಎಂದು ಅವರು, ಆಫೀಸಿನ ನಡುಮಧ್ಯೆ ನಿಂತು ಗಂಟಲು ಹರಿಯುವಂತೆ ಕಿತ್ತಾಡಿದೆವು. ಜನ ಕಂಪ್ಯೂಟರಿನೊಳಗೆ ತಲೆ ಹುದುಗಿಸಿ ಕೂತರು. ಯಾರೋ ಮುಖ್ಯಸ್ಥರನ್ನು ಕರೆಯುವುದಕ್ಕೂ ಓಡಿದರು. ಅತ್ತೆಯ ಮುಖ ಕೆಂಪಾಗಿತ್ತು, ಕನ್ನಡಕ ಜಾರಿತ್ತು, ಬೆರಳು ನನ್ನ ಮೂಗಿನ ಹತ್ತಿರ ಇತ್ತು. ನಾನು ಕೂಗುತ್ತಲೇ ಇದ್ದೆ. ನನ್ನ ಜನ್ಮದಲ್ಲಿ ಅಷ್ಟು ಸಂತೋಷವಾಗಿ ನಾನು ಯಾರ ಜೊತೆಯೂ ಜಗಳವಾಡಿಲ್ಲ.